ಚಾದಂಗಡಿಯ ಲೋಟ, ಬರ್ಗರಿನ ಕಾಗದ

ದಲಿತ ವಿಮರ್ಶೆಯು ಗುಡಿಯ ಬಾಗಿಲ ಬಗ್ಗೆ ಬರೆದಷ್ಟು ಹೊಟೇಲಿನ ಬಾಗಿಲ ಬಗ್ಗೆ ಬರೆದಿಲ್ಲ. 1927ರ ಮಹಾಡದ ಕೆರೆ, 1930ರ ನಾಸಿಕದ ಕಾಳಾರಾಮ ಮಂದಿರ ನಮ್ಮ ಲೇಖನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಬರಬೇಕಾದದ್ದೇ. ಆದರೆ ಗುಡಿಗೆ ಹೋಗದೆ ಒಬ್ಬ ಮನುಷ್ಯ ಬದುಕಿನುದ್ದಕ್ಕೂ ಇರಬಲ್ಲ. ಸಂತೆಗೆ ಹೋದವ, ಬಸ್ಸಿಗೆ ಕಾದು ನಿಂತವ, ಹೊಲದಾಗ ದಣಿದು ಬಂದವ ಒಂದು ಕಪ್ಪು ಚಾ ಕುಡೀದ ಹೆಂಗ ಇರಬೇಕು? ಜಾತಿ ದಿನಾ ತನ್ನ ಹಾಜರಿ ಹಾಕುವುದು ಇಲ್ಲೇ.

ರೋಣ ತಾಲೂಕಿನ ಜಕ್ಕಲಿ ಕರ್ನಾಟಕ ಏಕೀಕರಣದ ಚರಿತ್ರೆಯಲ್ಲಿ ಹೆಸರಾದ ಊರು. ಅಂದಾನಪ್ಪ ದೊಡ್ಡಮೇಟಿಯವರ ಊರು. ನಾಡು ಒಂದಾಗಿ ಕೂಡುವುದಕ್ಕೆ 1956 ಬಂತು. ಒಂದೇ ಬೆಂಚಿನ ಮೇಲೆ ಕೂಡುವುದು ಬೇರೆ ಲೆಕ್ಕ. ಇದು ಜಕ್ಕಲಿ ಒಂದರ ಮಾತಲ್ಲ, ಇಡೀ ಬಯಲುಸೀಮೆಯ ಮಾತು. ಇಲ್ಲಿಯ ಊರುಗಳ ಚಾದಂಗಡಿ ಅಂದರೆ ಒಂದು ತಗಡಿನ ಚಪ್ಪರ, ಒಲಿ, ಮಿರ್ಚಿ ಕರಿಯೋ ಬಾಣಲಿ, ಗಿರಮಿಟ್ ಕಲಸೋ ಬೋಗುಣಿ, ಎರಡು ಬೆಂಚು. ಬಂದವರು ಯಾರ ಮಗ, ಯಾವ ಓಣಿ, ಅಜ್ಜ ಯಾರು ಎನ್ನುವುದು ಅಂಗಡಿಯವನಿಗೆ ಕೇಳದೆಯೇ ಗೊತ್ತು. ಪೇಟೆಯ ಹೊಟೇಲಿಗೂ ಹಳ್ಳಿಯ ಹೊಟೇಲಿಗೂ ಇರುವ ಮೂಲ ವ್ಯತ್ಯಾಸ ಇದು. ತಿನಿಸಿನದಲ್ಲ, ಗುರುತಿನದು.

ಎರಡು ಲೋಟದ ಪದ್ಧತಿ ನಡೆಯುತ್ತಿದ್ದುದು ಈ ಗುರುತಿನ ಮೇಲೆ. ಕೇರಿಯವರ ಕಪ್ಪು-ಬಸಿ ಬೇರೆ, ಅವು ಹೊರಗಿನ ಗೋಡೆಯ ಗೂಡಿನೊಳಗೋ ಚಪ್ಪರದ ಸಂದಿಯೊಳಗೋ ಇರಬೇಕು. ಕುಡಿಯುವವ ತಾನೇ ತಗೊಂಡು, ತೊಳೆದು, ಕೆಳಗೆ ಹಿಡಿಯಬೇಕು. ಮೇಲಿಂದ ಚಾ ಸುರಿಯುತ್ತದೆ. ಹೊರಗೆ ಕುಕ್ಕರುಗಾಲಿನಲ್ಲಿ ಕೂತು ಕುಡಿದು, ಮತ್ತೆ ತಾನೇ ತೊಳೆದು ಇಡಬೇಕು. ರೊಕ್ಕ ಮಾತ್ರ ಒಳಗಿನ ಡಬ್ಬಿಯಲ್ಲಿ ಎಲ್ಲರ ರೊಕ್ಕದ ಕೂಡ ಬೀಳುತ್ತಿತ್ತು. ನೋಡ್ರಿ, ಕಪ್ಪಿಗೆ ಮೈಲಿಗಿ, ಪಾವಲಿಗೆ ಇಲ್ಲ!

ಈ ಪದ್ಧತಿಯನ್ನು ಮುಗಿಸಿದ್ದು ಯಾವುದು? ಕಾನೂನು ಇತ್ತು. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೊಟೇಲುಗಳನ್ನು ಹೆಸರಿಟ್ಟೇ ಹೇಳಿದೆ. 1955ರ ಅಸ್ಪೃಶ್ಯತಾ ಅಪರಾಧ ಕಾಯ್ದೆ 1976ರಲ್ಲಿ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಎಂದು ಹೊಸ ಹೆಸರು ಪಡೆಯಿತು. ಅದರ 4ನೇ ಕಲಮು ಹೊಟೇಲಿನ ಪ್ರವೇಶವನ್ನಷ್ಟೇ ಅಲ್ಲ, ಅಲ್ಲಿಯ ಪಾತ್ರೆಗಳ ಬಳಕೆಯನ್ನೂ ಹಕ್ಕಾಗಿ ಕಾಯುತ್ತದೆ. ಕಾಯ್ದೆಯ ವ್ಯಾಖ್ಯೆಯಲ್ಲಿ ಕಾಫಿ ಅಂಗಡಿಯೂ 'ಹೊಟೇಲು' ಎಂಬ ಪದದೊಳಗೇ ಬರುತ್ತದೆ. 12ನೇ ಕಲಮು ಇನ್ನೂ ಮುಖ್ಯ: ನೊಂದವರು ಪರಿಶಿಷ್ಟ ಜಾತಿಯವರಾದರೆ ಕೃತ್ಯ ಅಸ್ಪೃಶ್ಯತೆಯ ಕಾರಣಕ್ಕೇ ನಡೆದದ್ದು ಎಂದು ನ್ಯಾಯಾಲಯ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಆರೋಪಿಯದು. ಅಂಗಡಿಯ ಲೈಸೆನ್ಸು ರದ್ದು ಮಾಡಲೂ ಅವಕಾಶವಿದೆ. ಸಾರ್ವಜನಿಕ ಬಳಕೆಯ ಪಾತ್ರೆ ಮುಟ್ಟಗೊಡದಿರುವುದು 2015ರ ತಿದ್ದುಪಡಿಯಿಂದ ದೌರ್ಜನ್ಯ ತಡೆ ಕಾಯ್ದೆಯ ಕೆಳಗೂ ಅಪರಾಧ.

ಆದರೆ ಅನೇಕ ಊರುಗಳಲ್ಲಿ ಗೂಡಿನೊಳಗಿನ ಕಪ್ಪನ್ನು ಕೆಳಗಿಳಿಸಿದ್ದು ಈ ಕಲಮುಗಳಲ್ಲ. ಮೊದಲು ಪ್ಲಾಸ್ಟಿಕ್ ಲೋಟ, ಆಮೇಲೆ ಕಾಗದದ ಕಪ್ಪು. ಎಲ್ಲರಿಗೂ ಕುಡಿದು ಒಗೆಯೋ ಕಪ್ಪು ಕೊಟ್ಟರೆ ಯಾರ ಎಂಜಲನ್ನೂ ಯಾರೂ ತೊಳೆಯಬೇಕಾಗಿಲ್ಲ. ಮೈಲಿಗೆಯನ್ನು ಬಿಡದೆಯೇ ಮೈಲಿಗೆಯ ತಂಟೆಯನ್ನು ಕಳೆದುಕೊಳ್ಳುವ ಉಪಾಯ ಇದು. ಕೆಲವು ಕಡೆ ಉಳಿದವರಿಗೆ ಗಾಜಿನ ಲೋಟ, ಕೇರಿಯವರಿಗೆ ಕಾಗದದ್ದು. ಕೇಳಿದರೆ, 'ನಿಮಗ ಹೊಸಾ ಕಪ್ಪು ಕೊಟ್ಟೀವಲ್ಲೋ ತಮ್ಮಾ' ಎನ್ನುವ ಮಾತು. ಅದು ಪಾತ್ರೆಯ ಹಕ್ಕಿನ ನಿರಾಕರಣೆಯೇ. ಆದರೆ ಹಳೆಯ ಗೂಡು ಗೋಡೆಯಲ್ಲಿ ಪುರಾವೆಯಾಗಿ ಕೂತಿರುತ್ತಿತ್ತು. ಈ ಪುರಾವೆ ತಿಪ್ಪೆ ಸೇರುತ್ತದೆ.

ಇನ್ನು ಬರ್ಗರಿನ ಮಾತು. ದಲಿತ ವಿಮರ್ಶೆಯ ಸಂಚಿಕೆಯೊಳಗ ಬರ್ಗರ್ ಯಾಕ ಬಂತು ಅಂತ ಹುಬ್ಬು ಏರಿಸೋರು ಏರಿಸಲಿ. 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಂಟಕಿ ಚಿಕನ್ ಅಂಗಡಿ ತೆರೆಯಿತು. 1996ರ ಜನವರಿ 30ರಂದು ರೈತಸಂಘದ ಕಾರ್ಯಕರ್ತರು ಅದರ ಮೇಲೆ ದಾಳಿ ಮಾಡಿದರು. ಬೀಜ, ಬೇಸಾಯ, ಬಹುರಾಷ್ಟ್ರೀಯ ಕಂಪನಿಗಳ ಬಗ್ಗೆ ಪ್ರೊ. ನಂಜುಂಡಸ್ವಾಮಿಯವರು ಎತ್ತಿದ ಪ್ರಶ್ನೆಗಳು ದೊಡ್ಡವು. ಅದರ ಪಕ್ಕಕ್ಕೇ ನಾವು ಇನ್ನೊಂದು ಪ್ರಶ್ನೆ ಇಡಬೇಕಿತ್ತು: ವಿದೇಶಿ ಕೌಂಟರಿಗೆ ಎದುರಾಗಿ ನಾವು ಉಳಿಸಿಕೊಳ್ಳಬೇಕೆನ್ನುವ ದೇಶಿ ಹೊಟೇಲಿನೊಳಗೆ ಎಲ್ಲರೂ ಕೂತಿದ್ದರೇ?

ಇವತ್ತು ಬರ್ಗರ್ ತಿನ್ನಲು ಬೆಂಗಳೂರಿಗೆ ಹೋಗಬೇಕಿಲ್ಲ. ಹುಬ್ಬಳ್ಳಿ, ಗದಗದಂಥ ಪೇಟೆಗಳಲ್ಲೂ ಸಣ್ಣ ಅಂಗಡಿಗಳಿವೆ. ಕಾಲೇಜಿಗೆ ಹೋದ ಕೇರಿಯ ಹುಡುಗ ಅಲ್ಲಿ ರೊಕ್ಕ ಕೊಟ್ಟು ಚೀಟಿ ತಗೋತಾನ, ಕುರ್ಚಿ ಮ್ಯಾಲೆ ಕೂಡತಾನ, ಗೆಳೆಯನ ಕೂಡ ಒಂದನ್ನ ಹರಿದು ಹಂಚಿಕೊಂಡು ತಿಂತಾನ. 'ಯಾರ ಪೈಕಿ?' ಅಂತ ಯಾರೂ ಕೇಳುವುದಿಲ್ಲ. ಆ ರೊಕ್ಕದಾಗ ಊರಾಗ ಎರಡು ಪ್ಲೇಟು ಗಿರಮಿಟ್ ಬರುತ್ತಿತ್ತು ನಿಜ. ಅವನು ಕೊಂಡದ್ದು ಬರೀ ಬನ್ನನ್ನಲ್ಲ, ಅರ್ಧ ತಾಸಿನ ಅನಾಮಿಕತೆಯನ್ನೂ. ಇದನ್ನು 'ಕೊಳ್ಳುಬಾಕತನ' ಎಂದು ತಳ್ಳಿಹಾಕುವ ವಿಮರ್ಶೆಗೆ ಹೊರಗೆ ಕೂತು ಚಾ ಕುಡಿದವರ ಸಂಕಟ ತಿಳಿದಿಲ್ಲ.

ಹಾಗಂತ ಮಾರುಕಟ್ಟೆ ಜಾತಿಯನ್ನು ಸುಟ್ಟಿತು ಎಂದು ಕುಣಿಯಲೂ ಬೇಕಾಗಿಲ್ಲ. ಅಮೆರಿಕದಲ್ಲಿ ಬರ್ಗರ್ ಅಂದರೆ ದನದ ಮಾಂಸ. ಅದನ್ನೇ ಮಾರಿ ಜಗತ್ತು ಸುತ್ತಿದ ಮೆಕ್‌ಡೊನಾಲ್ಡ್ಸ್ 1996ರಲ್ಲಿ ದಿಲ್ಲಿಗೆ ಬಂದಾಗ ದನದ ಮಾಂಸ ಬಿಟ್ಟೇ ಬಂತು, ಕುರಿಮಾಂಸದ್ದನ್ನು ಇಟ್ಟಿತು. ಶಾಕಾಹಾರದ ಅಡಿಗೆಗೆ ಬೇರೆ ಜಾಗ, ಬೇರೆ ಸಲಕರಣೆ, ಕೆಲಸಗಾರರಿಗೆ ಹಸಿರು ಏಪ್ರನ್ನು ಮಾಡಿತು. ವ್ಯಾಪಾರದ ಜಾಣತನ ಇರಬಹುದು. ಗಿರಾಕಿಯ ಜಾತಿ ಕೇಳದ ಕೌಂಟರು ಅಡಿಗೆಮನೆಯೊಳಗೆ ಮಡಿಯ ಗೆರೆ ಎಳೆದುಕೊಂಡಿತು ಎನ್ನುವುದೂ ಅಷ್ಟೇ ನಿಜ. ಕರ್ನಾಟಕದಲ್ಲಂತೂ 2021ರಿಂದ ಜಾರಿಯಲ್ಲಿರುವ ಕಾಯ್ದೆ ಹಸು, ಎತ್ತು, ಕರುಗಳ ವಧೆಯನ್ನೇ ನಿಷೇಧಿಸಿದೆ. ಕೇರಿಯ ಹುಡುಗನಿಗೆ ಕುರ್ಚಿ ಸಿಕ್ಕಿತು, ಕೇರಿಯ ಊಟಕ್ಕೆ ಸಿಗಲಿಲ್ಲ.

ಇಲ್ಲಿ ಕರಿಯರ ಹೋರಾಟವನ್ನು ನೆನೆಯಬೇಕು. 1972ರಲ್ಲಿ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನು ಪಡೆದದ್ದೇ ಅಲ್ಲಿಂದ. 1960ರ ಫೆಬ್ರುವರಿ 1ರಂದು ಗ್ರೀನ್ಸ್‌ಬರೊ ಊರಿನ ವುಲ್ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ ನಾಲ್ವರು ಕರಿಯ ವಿದ್ಯಾರ್ಥಿಗಳು ಕೂತು ಕಾಫಿ ಕೇಳಿದರು. ಕೊಡಲಿಲ್ಲ, ಅವರು ಏಳಲಿಲ್ಲ. ಆರು ತಿಂಗಳೊಳಗೆ ಆ ಕೌಂಟರು ತೆರೆಯಿತು. 1964ರ ನಾಗರಿಕ ಹಕ್ಕು ಕಾಯ್ದೆ ಬಂದ ಮೇಲೂ ಬರ್ಮಿಂಗ್‌ಹ್ಯಾಮಿನ ಆಲೀಸ್ ಬಾರ್ಬೆಕ್ಯೂ ಎಂಬ ಹೊಟೇಲು ಕೋರ್ಟಿಗೆ ಹೋಯಿತು. ಅಲ್ಲಿ ಕರಿಯರಿಗೆ ಪಾರ್ಸಲ್ ಇತ್ತು, ಕುರ್ಚಿ ಇರಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೊಟೇಲಿನ ವಾದವನ್ನು ತಳ್ಳಿಹಾಕಿತು. ತೀರ್ಪಿನಲ್ಲಿ ಒಂದು ವಿವರವಿದೆ: ಆ ಹೊಟೇಲಿನ 36 ಕೆಲಸಗಾರರಲ್ಲಿ ಮೂರರಲ್ಲಿ ಎರಡು ಪಾಲು ಕರಿಯರು. ಅಂದರೆ ಕರಿಯರ ಕೈ ಆ ಹೊಟೇಲಿನಲ್ಲಿ ದುಡಿಯಬಹುದು, ಮೈ ಕೂಡಬಾರದು. ನಮ್ಮಲ್ಲಿ ಕೈಯೂ ಬ್ಯಾಡ. ವರ್ಣಭೇದಕ್ಕೂ ಅಸ್ಪೃಶ್ಯತೆಗೂ ಇರುವ ಅಂತರವನ್ನು ಸಿದ್ಧಾಂತದ ಪುಸ್ತಕಕ್ಕಿಂತ ಈ ಎರಡು ಅಡಿಗೆಮನೆಗಳು ಚೆನ್ನಾಗಿ ತಿಳಿಸುತ್ತವೆ.

ಆದ್ದರಿಂದ ಕೇರಿಯವ ಒಳಗೆ ಬಂದು ಕೂತನೇ ಎನ್ನುವುದು ಅರ್ಧ ಪ್ರಶ್ನೆ. ಕೇರಿಯವ ಹೊಟೇಲು ಹಾಕಿದರೆ ಊರವರು ಬಂದು ತಿಂತಾರೇನು? ಕೊಲ್ಲಾಪುರದ ಶಾಹೂ ಮಹಾರಾಜರು ಇದನ್ನು ಬಲ್ಲವರಾಗಿದ್ದರು. ನೀರು ಮುಟ್ಟಿದ್ದಕ್ಕೆ ಹೊಡೆತ ತಿಂದ ಗಂಗಾರಾಮ ಕಾಂಬಳೆಗೆ ಚಾದಂಗಡಿ ಹಾಕಿಸಿಕೊಟ್ಟು, ತಾವೇ ಹೋಗಿ ಅಲ್ಲಿ ಚಾ ಕುಡಿದರು, ಜೊತೆಯವರಿಗೂ ಕುಡಿಸಿದರು. ಮಹಾರಾಜರು ತೀರಿಕೊಂಡದ್ದು 1922ರಲ್ಲಿ. ನೂರು ವರ್ಷ ದಾಟಿತು. ನಮ್ಮ ಪೇಟೆಗಳಲ್ಲಿ ಲಿಂಗಾಯತ ಖಾನಾವಳಿ, ಸಾವಜಿ ಖಾನಾವಳಿ, ಮರಾಠಾ ಖಾನಾವಳಿ ಎಂಬ ಬೋರ್ಡುಗಳು ನಿರಾತಂಕವಾಗಿ ತೂಗುತ್ತಿವೆ. ಜಾತಿಯೇ ರುಚಿಯ ಭರವಸೆ. ಹೊಲೆಯರ ಖಾನಾವಳಿ, ಮಾದರ ಖಾನಾವಳಿ ಎಂಬ ಬೋರ್ಡನ್ನು ನಾನಂತೂ ಕಂಡಿಲ್ಲ. 2016ರಲ್ಲಿ ಚಂದ್ರಭಾನ್ ಪ್ರಸಾದರು 'ದಲಿತ್ ಫುಡ್ಸ್' ಎಂದು ಹೆಸರಿಟ್ಟೇ ಮಸಾಲೆ, ಉಪ್ಪಿನಕಾಯಿ ಮಾರಲು ಹೊರಟದ್ದು ಈ ಬೋರ್ಡುಗಳಿಗೆ ಎದುರಾಗಿಯೇ ಎಂದು ನನಗೆ ತೋರುತ್ತದೆ. ಬರ್ಗರ್ ಅಂಗಡಿ ಈ ಪ್ರಶ್ನೆಯನ್ನು ಬಗೆಹರಿಸಿಲ್ಲ, ಮುಚ್ಚಿಟ್ಟಿದೆ. ಟೋಪಿ, ಏಪ್ರನ್ನು, ಕಂಪನಿಯ ಹೆಸರಿನ ಹಿಂದೆ ಬನ್ನು ಸುಟ್ಟವನ ಜಾತಿ ಕಾಣುವುದಿಲ್ಲ. ಕಂಡಿದ್ದರೆ?

ಸಂಘಟನೆಯ ಗೆಳೆಯರಿಗೆ ಒಂದು ಮಾತು. ದೂರು ಹೋದ ಊರಿಗೆ ತಹಸೀಲ್ದಾರರು, ಪಿಎಸ್ಐ ಬಂದು, ಕೇರಿಯವರನ್ನು ಕೂಡಿಸಿಕೊಂಡು ಚಾ ಕುಡಿದು, ಫೋಟೋ ತೆಗೆಸಿಕೊಂಡು ಹೋಗುವುದು ಈಗ ಒಂದು ವಿಧಿಯಾಗಿದೆ. ಮರುದಿನ ಕೆಲವು ಊರುಗಳಲ್ಲಿ ಹೊಟೇಲೇ ಬಂದ್. 'ಯಾರಿಗೂ ಇಲ್ಲ, ಭೇದ ಎಲ್ಲಿಂದ ಬಂತು?' ಎನ್ನುತ್ತಾರೆ, ಹಿಂದಿನ ಬಾಗಿಲಿನಿಂದ ಬೇಕಾದವರಿಗೆ ಕಿಟ್ಲಿ ಹೋಗುತ್ತಿರುತ್ತದೆ. ಇಂಥಲ್ಲಿ ಪ್ರವೇಶ ನಿರಾಕರಣೆಯ ಕಲಮು ಒಂದೇ ಬರೆಸಿದರೆ ಪ್ರಕರಣ ನಿಲ್ಲುವುದು ಕಷ್ಟ. 2015ರ ತಿದ್ದುಪಡಿ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನೂ ಅಪರಾಧ ಮಾಡಿದೆ, ಸೇವೆ ತಪ್ಪಿಸುವುದನ್ನೂ ಅದರ ವ್ಯಾಖ್ಯೆಯೊಳಗೆ ತಂದಿದೆ. ಹೊಟೇಲು ಯಾವ ತಾರೀಖಿಗೆ ಬಂದ್ ಆಯಿತು, ಕೇರಿಯವರು ಒಳಗೆ ಹೋದದ್ದು ಯಾವ ತಾರೀಖಿಗೆ, ಕಿಟ್ಲಿ ಯಾರ ಮನಿಗೆ ಹೋತು: ಇಷ್ಟನ್ನೂ ದೂರಿನಲ್ಲಿ ಬರೆಸಿರಿ, ಪ್ರತಿ ಇಟ್ಟುಕೊಳ್ಳಿರಿ.