ಮುಂದುವರಿದ ಕ್ಯಾನ್ಸರ್‌ನಲ್ಲಿ ಪೋಷಣೆ

ಮುಂದುವರಿದ ಕ್ಯಾನ್ಸರ್‌ನಲ್ಲಿ ಪೋಷಣೆ ಎಂದರೆ ಸಂಪೂರ್ಣವಾಗಿ ಗುಣಪಡಿಸಲಾಗದ ಹಂತವನ್ನು ತಲುಪಿದ ಕ್ಯಾನ್ಸರ್ ರೋಗಿಗಳ ಆಹಾರ, ಹಸಿವು, ದೇಹತೂಕ ಮತ್ತು ದ್ರವಸೇವನೆಗೆ ಸಂಬಂಧಿಸಿದ ಆರೈಕೆ. ಇದು ಉಪಶಾಮಕ ಆರೈಕೆಯ (ಪ್ಯಾಲಿಯೇಟಿವ್ ಕೇರ್) ಒಂದು ಅಂಗವಾಗಿದೆ. ರೋಗದ ಆರಂಭದ ಹಂತಗಳಲ್ಲಿ ಪೋಷಣೆಯ ಗುರಿ ದೇಹಬಲವನ್ನು ಕಾಪಾಡುವುದಾಗಿರುತ್ತದೆ. ಅಂತಿಮ ಹಂತದಲ್ಲಿ ರೋಗಿಯ ನೆಮ್ಮದಿಯೇ ಮುಖ್ಯ ಗುರಿಯಾಗುತ್ತದೆ.

ಕಾರಣಗಳು

ಮುಂದುವರಿದ ಕ್ಯಾನ್ಸರ್ ರೋಗಿಗಳಲ್ಲಿ ಕಂಡುಬರುವ ತೀವ್ರ ಕೃಶತೆಯನ್ನು ಕ್ಯಾಕೆಕ್ಸಿಯಾ ಎಂದು ಕರೆಯುತ್ತಾರೆ. ಇದು ಸಾಮಾನ್ಯ ಉಪವಾಸಕ್ಕಿಂತ ಭಿನ್ನವಾದುದು. ಉಪವಾಸದಲ್ಲಿ ದೇಹವು ಮೊದಲು ಕೊಬ್ಬನ್ನು ಬಳಸಿ ಸ್ನಾಯುಗಳನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳುತ್ತದೆ. ಆಹಾರ ದೊರೆತರೆ ಚೇತರಿಸಿಕೊಳ್ಳುತ್ತದೆ. ಕ್ಯಾಕೆಕ್ಸಿಯಾದಲ್ಲಿ ಗೆಡ್ಡೆ ಮತ್ತು ರೋಗನಿರೋಧಕ ವ್ಯವಸ್ಥೆಯಿಂದ ಹೊಮ್ಮುವ ಉರಿಯೂತಕಾರಕ ವಸ್ತುಗಳು ಸ್ನಾಯುಗಳನ್ನು ಕರಗಿಸುವುದರ ಜೊತೆಗೆ ಮಿದುಳಿನ ಹಸಿವಿನ ಕೇಂದ್ರವನ್ನೂ ಕುಗ್ಗಿಸುತ್ತವೆ. ಆದ್ದರಿಂದ ಹೆಚ್ಚು ಆಹಾರ ನೀಡಿದ ಮಾತ್ರಕ್ಕೆ ಈ ಸವೆತ ಹಿಂತಿರುಗುವುದಿಲ್ಲ.

ಇದರೊಂದಿಗೆ ಬಾಯಿಹುಣ್ಣು, ವಾಕರಿಕೆ, ಮಲಬದ್ಧತೆ, ನೋವು, ರುಚಿಯ ಬದಲಾವಣೆ ಮತ್ತು ಖಿನ್ನತೆಗಳೂ ಆಹಾರಸೇವನೆಯನ್ನು ತಗ್ಗಿಸುತ್ತವೆ. ಇವು ಬಹುಮಟ್ಟಿಗೆ ಚಿಕಿತ್ಸೆಗೆ ಒಗ್ಗುವಂತಹವು. ಆದುದರಿಂದ ರೋಗಿ ಊಟ ಬಿಟ್ಟಾಗ ಮೊದಲು ಇವುಗಳನ್ನು ಪರೀಕ್ಷಿಸಲಾಗುತ್ತದೆ.

ಹಂತಗಳು

2011ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಒಮ್ಮತದ ಪ್ರಕಾರ, ಆರು ತಿಂಗಳಲ್ಲಿ ದೇಹತೂಕವು ಶೇ. 5ಕ್ಕಿಂತ ಹೆಚ್ಚು ಇಳಿದರೆ ಅದನ್ನು ಕ್ಯಾಕೆಕ್ಸಿಯಾ ಎಂದು ಪರಿಗಣಿಸಲಾಗುತ್ತದೆ. ಮೊದಲೇ ಕೃಶರಾಗಿರುವವರಲ್ಲಿ ಅಥವಾ ಸ್ನಾಯುಗಳು ಕ್ಷೀಣಿಸಿದವರಲ್ಲಿ ಶೇ. 2ಕ್ಕಿಂತ ಹೆಚ್ಚಿನ ಇಳಿಕೆಯೇ ಸಾಕು. ಪೂರ್ವ ಕ್ಯಾಕೆಕ್ಸಿಯಾ, ಕ್ಯಾಕೆಕ್ಸಿಯಾ ಮತ್ತು ಚಿಕಿತ್ಸೆಗೆ ಒಗ್ಗದ ಕ್ಯಾಕೆಕ್ಸಿಯಾ ಎಂಬ ಮೂರು ಹಂತಗಳನ್ನು ಈ ಒಮ್ಮತವು ಗುರುತಿಸಿದೆ. ಮೂರನೆಯ ಹಂತದಲ್ಲಿ ನಿರೀಕ್ಷಿತ ಆಯುಷ್ಯ ಮೂರು ತಿಂಗಳಿಗಿಂತ ಕಡಿಮೆ ಇರುತ್ತದೆ.

ಪೋಷಣೆ ಮತ್ತು ಆಯುಷ್ಯ

ತೂಕದ ಇಳಿಕೆಗೂ ಆಯುಷ್ಯಕ್ಕೂ ಇರುವ ನಂಟು ಬಹುಕಾಲದಿಂದ ತಿಳಿದುದಾಗಿದೆ. 1980ರಲ್ಲಿ ಪ್ರಕಟವಾದ 3,047 ರೋಗಿಗಳ ಅಧ್ಯಯನವೊಂದರಲ್ಲಿ, ಚಿಕಿತ್ಸೆಗೆ ಮುನ್ನವೇ ತೂಕ ಕಳೆದುಕೊಂಡವರು ಸಾಮಾನ್ಯವಾಗಿ ಕಡಿಮೆ ಕಾಲ ಬದುಕಿದರು. ರಕ್ತದಲ್ಲಿ ಆಲ್ಬುಮಿನ್ ಕುಗ್ಗಿ ಸಿ-ರಿಯಾಕ್ಟಿವ್ ಪ್ರೋಟೀನ್ ಏರುವುದು ಸಹ ಇಂತಹದೇ ಸೂಚನೆ.

ಆದರೆ ಸೂಚನೆ ಬೇರೆ, ಕಾರಣ ಬೇರೆ. ಅಂತಿಮ ಹಂತದಲ್ಲಿ ರೋಗಿ ಊಟ ಬಿಟ್ಟುದರಿಂದ ಸಾವು ಸಮೀಪಿಸುವುದಲ್ಲ. ರೋಗ ಉಲ್ಬಣಿಸಿ ಸಾವು ಸಮೀಪಿಸುತ್ತಿರುವುದರಿಂದ ಊಟ ಬೇಡವಾಗುತ್ತದೆ.

ಆರೈಕೆಯ ವಿಧಾನಗಳು

ಯುರೋಪಿನ ಪೋಷಣಾ ಮಾರ್ಗಸೂಚಿಗಳು ಕ್ಯಾನ್ಸರ್ ರೋಗಿಗಳಿಗೆ ದಿನಕ್ಕೆ ಪ್ರತಿ ಕಿಲೋಗ್ರಾಂ ತೂಕಕ್ಕೆ 25ರಿಂದ 30 ಕಿಲೋಕ್ಯಾಲರಿ ಶಕ್ತಿ ಹಾಗೂ 1 ಗ್ರಾಂಗಿಂತ ಹೆಚ್ಚು, ಸಾಧ್ಯವಾದರೆ 1.5 ಗ್ರಾಂವರೆಗೆ ಪ್ರೋಟೀನನ್ನು ಸೂಚಿಸುತ್ತವೆ. ಅಂತಿಮ ದಿನಗಳಲ್ಲಿ ಈ ಲೆಕ್ಕ ಅನ್ವಯಿಸುವುದಿಲ್ಲ.

ಕಲಬುರಗಿ ಭಾಗದ ನಿತ್ಯದ ಅಡುಗೆಯಲ್ಲಿಯೇ ಮೆದು ಆಹಾರಗಳಿವೆ: ಜೋಳದ ಅಂಬಲಿ, ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಹಾಲಿನಲ್ಲಿ ನೆನೆಸಿದ ರೊಟ್ಟಿ, ತೊಗರಿಬೇಳೆಯ ಕಟ್ಟು, ಮೊಸರು. ಬಾಯಿಹುಣ್ಣಿರುವವರಿಗೆ ಖಾರವನ್ನು ಬಿಟ್ಟು ತಣ್ಣಗೆ ಮಾಡಿ ಕೊಡುವುದು ಹಿತಕರ. ತಟ್ಟೆ ತುಂಬ ಬಡಿಸುವುದಕ್ಕಿಂತ, ರೋಗಿ ಕೇಳಿದಾಗ ಕೇಳಿದ್ದನ್ನು ಎರಡು ಮೂರು ತುತ್ತು ಕೊಡುವುದು ಉತ್ತಮ.

ಬಾಯಿ, ಗಂಟಲು ಅಥವಾ ಅನ್ನನಾಳದ ಕ್ಯಾನ್ಸರ್‌ನಲ್ಲಿ ಹಸಿವಿದ್ದರೂ ನುಂಗಲು ಆಗದಿದ್ದರೆ ನಳಿಕೆಯ ಮೂಲಕ ಆಹಾರ ನೀಡುವುದು ಉಪಯುಕ್ತವಾಗಬಹುದು. ಚಿಕಿತ್ಸೆಗೆ ಒಗ್ಗದ ಕ್ಯಾಕೆಕ್ಸಿಯಾದಲ್ಲಿ ನಳಿಕೆ ಅಥವಾ ರಕ್ತನಾಳದ ಮೂಲಕ ಕೊಡುವ ಪೋಷಣೆಯನ್ನು ವಾಡಿಕೆಯಾಗಿ ಶಿಫಾರಸು ಮಾಡುವುದಿಲ್ಲ. ಅದರಿಂದ ಸೋಂಕು, ಬಾವು ಮತ್ತು ಉಸಿರಾಟದ ತೊಂದರೆಗಳು ಉಂಟಾಗಬಹುದು.

ಡೆಕ್ಸಾಮೆಥಾಸೋನ್ ಮುಂತಾದ ಸ್ಟಿರಾಯ್ಡ್‌ಗಳು ಕೆಲವು ವಾರಗಳ ಮಟ್ಟಿಗೆ ಹಸಿವನ್ನು ಹೆಚ್ಚಿಸುತ್ತವೆ. ಪುದುಚೇರಿಯ ಜಿಪ್ಮರ್ ಸಂಸ್ಥೆಯ ವೈದ್ಯರು 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೀಮೊಥೆರಪಿಯೊಂದಿಗೆ ದಿನಕ್ಕೆ 2.5 ಮಿಲಿಗ್ರಾಂ ಓಲಾನ್‌ಜಪೀನ್ ಪಡೆದವರಲ್ಲಿ ಶೇ. 60ರಷ್ಟು ಮಂದಿಯ ತೂಕ ಶೇ. 5ಕ್ಕಿಂತ ಹೆಚ್ಚು ಏರಿತು. ಔಷಧರಹಿತ ಮಾತ್ರೆ ಪಡೆದವರಲ್ಲಿ ಈ ಪ್ರಮಾಣ ಶೇ. 9 ಆಗಿತ್ತು.

ಅಂತಿಮ ದಿನಗಳು

ಕೊನೆಯ ದಿನಗಳಲ್ಲಿ ಹೆಚ್ಚಿನ ರೋಗಿಗಳಿಗೆ ಹಸಿವೆ ಇರುವುದಿಲ್ಲ. ಬಾಯಾರಿಕೆ ಎಂದು ತೋರುವುದು ಅನೇಕ ವೇಳೆ ಬಾಯಿಯ ಒಣಗುವಿಕೆ. 2013ರಲ್ಲಿ ಪ್ರಕಟವಾದ 129 ರೋಗಿಗಳ ಪ್ರಯೋಗದಲ್ಲಿ ದಿನಕ್ಕೆ 1 ಲೀಟರ್ ಸಲೈನ್ ಪಡೆದವರಿಗೂ ಕೇವಲ 100 ಮಿಲಿಲೀಟರ್ ಪಡೆದವರಿಗೂ ರೋಗಲಕ್ಷಣಗಳಲ್ಲಾಗಲಿ ಆಯುಷ್ಯದಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಒದ್ದೆ ಬಟ್ಟೆಯಿಂದ ಬಾಯಿ ಒರೆಸುವುದು, ಎಚ್ಚರವಿದ್ದಾಗ ಚಮಚದಿಂದ ಹನಿ ನೀರು ಕೊಡುವುದು, ತುಟಿಗೆ ತುಪ್ಪ ಸವರುವುದು ಹೆಚ್ಚು ನೆಮ್ಮದಿ ನೀಡುತ್ತವೆ. ಅರೆಪ್ರಜ್ಞೆಯಲ್ಲಿರುವವರಿಗೆ ಬಲವಂತವಾಗಿ ಉಣಿಸಿದರೆ ಆಹಾರ ಶ್ವಾಸನಾಳಕ್ಕೆ ಸೇರುವ ಅಪಾಯವಿದೆ.

ಕುಟುಂಬದ ಪಾತ್ರ

ಉಣಿಸುವುದೇ ಪ್ರೀತಿಯ ಗುರುತಾಗಿರುವ ಸಮಾಜದಲ್ಲಿ, ಮನೆಯ ಹಿರಿಯರು ತುತ್ತನ್ನು ತಳ್ಳಿದಾಗ ಆರೈಕೆ ಮಾಡುವವರಿಗೆ ಹಸಿವಿನಿಂದ ಸಾಯಲು ಬಿಟ್ಟೆವೆಂಬ ಅಪರಾಧಭಾವ ಕಾಡುತ್ತದೆ. ರೋಗಿಗೂ ಒತ್ತಾಯ ಸಂಕಟವಾಗುತ್ತದೆ. ಊಟ ಬಿಡುವುದು ರೋಗದ ಲಕ್ಷಣವೆಂದು ವೈದ್ಯರು ಮತ್ತು ದಾದಿಯರು ಮೊದಲೇ ತಿಳಿಸಿ ಹೇಳುವುದು ಈ ಭಾರವನ್ನು ಇಳಿಸುತ್ತದೆ. ಪಕ್ಕದಲ್ಲಿ ಕುಳಿತಿರುವುದು, ಕೈಕಾಲು ನೀವುವುದು, ಮಾತನಾಡುವುದು ಸಹ ಆರೈಕೆಯೇ.

ಕರ್ನಾಟಕದಲ್ಲಿ ಸೇವೆಗಳು

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಾಗಿದ್ದು, ಕಲಬುರಗಿಯಲ್ಲಿ ಅದರ ಶಾಖಾ ಕೇಂದ್ರವಿದೆ. ಬೆಂಗಳೂರಿನ ಕರುಣಾಶ್ರಯವು ಮುಂದುವರಿದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಉಪಶಾಮಕ ಆರೈಕೆ ನೀಡುತ್ತದೆ. ತಾಜಸುಲ್ತಾನಪುರ, ಕಮಲಾಪುರದಂತಹ ಊರುಗಳಲ್ಲಿ ಅಂತಿಮ ಹಂತದ ಆರೈಕೆಯ ಹೆಚ್ಚಿನ ಹೊಣೆ ಮನೆಯವರ ಮೇಲೆಯೇ ಬೀಳುವುದರಿಂದ, ಈ ತಿಳಿವಳಿಕೆ ಕುಟುಂಬಗಳಿಗೆ ತಲುಪುವುದು ಅಗತ್ಯವಾಗಿದೆ.