ಹಚಿನ್ಸ್ ರಸ್ತೆಯ ಹನ್ನೆರಡು ಅಂಶಗಳು

1969ರ ಏಪ್ರಿಲ್ 15ರಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಪರವಾಗಿ ರೋಮಿಗೆ ಒಂದು ಪತ್ರ ಹೋಯಿತು. ಪೂಜೆಯ ಹೊತ್ತಿನಲ್ಲಿ ಜನ ನೆಲದ ಮೇಲೆ ಕೂರಬಹುದೇ, ಚಪ್ಪಲಿ ಹೊರಗೆ ಬಿಟ್ಟು ಬರಬಹುದೇ, ಮೊಣಕಾಲೂರುವ ಬದಲು ಕೈಮುಗಿದು ಬಾಗಬಹುದೇ, ಮೇಣದ ಬತ್ತಿಯ ಜಾಗದಲ್ಲಿ ಎಣ್ಣೆಯ ದೀಪ ಇಡಬಹುದೇ, ಹೀಗೆ ಹನ್ನೆರಡು ಅಂಶಗಳಿಗೆ ಆ ಪತ್ರ ಒಪ್ಪಿಗೆ ಕೇಳಿತ್ತು. ಒಪ್ಪಿಗೆ ಪತ್ರದ ತಾರೀಖು ಏಪ್ರಿಲ್ 25. ನಾಲ್ಕು ಶತಮಾನ ಹೆಚ್ಚುಕಡಿಮೆ ಒಂದೇ ರೀತಿ ನಡೆದುಬಂದಿದ್ದ ಪೂಜಾವಿಧಿಯ ವಿಷಯದಲ್ಲಿ ರೋಮ್ ಹತ್ತೇ ದಿನದಲ್ಲಿ ಹೂಂ ಎಂದಿತ್ತು. ಅದೇ ಹನ್ನೆರಡು ಅಂಶಗಳನ್ನು ಊರೂರಿನ ಚರ್ಚುಗಳಿಗೆ ಒಯ್ದು, ಅರ್ಥ ಹೇಳಿ, ಒಪ್ಪಿಸುವ ಕೆಲಸ ಮಾತ್ರ ಅರ್ಧ ಶತಮಾನ ಕಳೆದರೂ ಮುಗಿದಿಲ್ಲ.

ಆ ಕೆಲಸದ ಮನೆ ಬೆಂಗಳೂರಿನಲ್ಲಿದೆ. ಸೇಂಟ್ ಥಾಮಸ್ ಟೌನಿನ ಹಚಿನ್ಸ್ ರಸ್ತೆಯ ಆಸುಪಾಸಿನಲ್ಲಿರುವ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರದ ಹೆಸರು ಉದ್ದವಾಯಿತೆಂದು ಎಲ್ಲರೂ ಎನ್‌ಬಿಸಿಎಲ್‌ಸಿ ಎನ್ನುತ್ತಾರೆ. ದೇಶದ ಕಥೋಲಿಕ ಗುರುಗಳು, ಕನ್ಯಾಸ್ತ್ರೀಯರು, ಉಪದೇಶಿಗಳು ತರಬೇತಿಗೆಂದು ಬಂದುಹೋಗುವ ಈ ಜಾಗದ ಬಗ್ಗೆ ಬೆಂಗಳೂರಿಗರಿಗೇ ಹೆಚ್ಚು ಗೊತ್ತಿಲ್ಲ. ಭಕ್ತ ಸಮುದಾಯವೊಂದು ತನ್ನ ನಂಬಿಕೆ ಬಿಡದೆ ನಡಾವಳಿ ಬದಲಿಸಿಕೊಳ್ಳುವುದು ಎಷ್ಟು ಕಷ್ಟದ ಕೆಲಸ ಎಂಬುದನ್ನು ಇದರಷ್ಟು ಸ್ಪಷ್ಟವಾಗಿ ತೋರಿಸುವ ಸಂಸ್ಥೆ ನಮ್ಮಲ್ಲಿ ಇನ್ನೊಂದಿಲ್ಲ ಎಂದು ನಾನು ತಿಳಿದಿದ್ದೇನೆ.

ಹಿನ್ನೆಲೆಯಲ್ಲಿರುವುದು ಎರಡನೆಯ ವ್ಯಾಟಿಕನ್ ಮಹಾಸಭೆ. ಪೋಪ್ ಇಪ್ಪತ್ತಮೂರನೆಯ ಜಾನ್ ಕರೆದ ಈ ಸಭೆ 1962ರ ಅಕ್ಟೋಬರಿನಲ್ಲಿ ಶುರುವಾಗಿ 1965ರ ಡಿಸೆಂಬರಿನಲ್ಲಿ ಮುಗಿಯಿತು. ದೈವಾರಾಧನೆ ಕುರಿತ ಅದರ ಶಾಸನ 1963ರ ಡಿಸೆಂಬರ್ 4ರಂದು ಹೊರಬಂದು, ಆಯಾ ನಾಡಿನ ಭಾಷೆಗೆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಪೂಜೆ ನಡೆಯುತ್ತಿದ್ದದ್ದು ಲ್ಯಾಟಿನ್‌ನಲ್ಲಿ. ಗುರು ಜನರಿಗೆ ಬೆನ್ನು ಮಾಡಿ, ಪೀಠದ ಕಡೆ ಮುಖ ಮಾಡಿ, ಮಂತ್ರಗಳನ್ನು ಅರ್ಧ ಪಿಸುಮಾತಿನಲ್ಲಿ ಹೇಳುತ್ತಿದ್ದರು. ಕುಳಿತ ಭಕ್ತರು ತಮ್ಮ ಪಾಡಿಗೆ ಜಪಸರ ಎಣಿಸುತ್ತಿದ್ದರು. ಗಂಟೆ ಬಾರಿಸಿದಾಗ ತಲೆ ಎತ್ತಿ ನೋಡುತ್ತಿದ್ದರು. ಕೆಲವೇ ವರ್ಷಗಳಲ್ಲಿ ಗುರು ಜನರ ಕಡೆ ತಿರುಗಿದರು, ಕನ್ನಡದಲ್ಲಿ, ತಮಿಳಿನಲ್ಲಿ, ಹಿಂದಿಯಲ್ಲಿ ಮಾತಾಡಿದರು. ಜನ ಉತ್ತರ ಕೊಡಬೇಕಾಯಿತು.

ಇದನ್ನು ಬರೆಯುವುದು ಸುಲಭ. ಮೂವತ್ತು ವರ್ಷ ಲ್ಯಾಟಿನ್ ಪೂಜೆ ಅರ್ಪಿಸಿದ ಹಿರಿಯ ಗುರುವಿನ ಜಾಗದಲ್ಲಿ ನಿಂತು ಯೋಚಿಸಬೇಕು. ಆತ ಕಲಿತ ಸೆಮಿನರಿಯಲ್ಲಿ ಇದರ ಸುಳಿವೇ ಇರಲಿಲ್ಲ. ಆತನ ಚರ್ಚಿಗೆ ಬರುತ್ತಿದ್ದ ಅಜ್ಜಿಯೊಬ್ಬಳಿಗೆ ಲ್ಯಾಟಿನ್ ಒಂದಕ್ಷರ ಬರುತ್ತಿರಲಿಲ್ಲ, ಆದರೂ ಆ ನಾದದಲ್ಲಿ ಆಕೆಗೆ ದೇವರ ಸಾನ್ನಿಧ್ಯವಿತ್ತು. ಅರ್ಥವಾಗುವ ಭಾಷೆ ಬಂದದ್ದರಿಂದ ಆಕೆಗೆ ಲಾಭವಾಯಿತೋ ನಷ್ಟವಾಯಿತೋ ಎಂದು ಹೊರಗಿನವರು ತೀರ್ಮಾನಿಸುವುದು ಉದ್ಧಟತನ. ಬೆಂಗಳೂರಿನಲ್ಲಂತೂ ಇನ್ನೊಂದು ತೊಡಕು ಕಾದಿತ್ತು. ಲ್ಯಾಟಿನ್ ಎದ್ದುಹೋದ ಜಾಗದಲ್ಲಿ ಯಾವ ಭಾಷೆ ಕೂರಬೇಕು? ತಮಿಳು, ಕನ್ನಡ, ಕೊಂಕಣಿ, ಇಂಗ್ಲಿಷ್ ಆಡುವ ಕ್ರೈಸ್ತರು ಒಂದೇ ಸೂರಿನಡಿ ಸೇರುವ ಈ ನಗರದಲ್ಲಿ ಕನ್ನಡಕ್ಕೆ ಸಲ್ಲಬೇಕಾದ ಸ್ಥಾನಕ್ಕಾಗಿ ಕನ್ನಡ ಕ್ರೈಸ್ತರು ದಶಕಗಟ್ಟಲೆ ಹೋರಾಡಬೇಕಾಯಿತು.

ಹೀಗೆ ಮೇಲಿನಿಂದ ಬಂದ ಬದಲಾವಣೆಯನ್ನು ಕೆಳಗೆ ಯಾರು ವಿವರಿಸಬೇಕು ಎಂಬ ಪ್ರಶ್ನೆಗೆ ಉತ್ತರವಾಗಿ ಧರ್ಮಾಧ್ಯಕ್ಷರ ಮಂಡಳಿ 1967ರಲ್ಲಿ ಈ ಕೇಂದ್ರವನ್ನು ಆರಂಭಿಸಿತು. ಸ್ಥಾಪಕ ನಿರ್ದೇಶಕರಾಗಿ ಬಂದವರು ಡಿ.ಎಸ್. ಅಮಲೋರ್ಪವದಾಸ್. 1932ರಲ್ಲಿ ತಮಿಳುನಾಡಿನ ಕಲ್ಲೇರಿ ಎಂಬ ಹಳ್ಳಿಯಲ್ಲಿ ಹುಟ್ಟಿದ ಅವರು ಪಾಂಡಿಚೇರಿ ಧರ್ಮಪ್ರಾಂತ್ಯದ ಗುರು. ಪ್ಯಾರಿಸ್ಸಿನಲ್ಲಿ ಓದಿ, ಇಂದಿನ ಭಾರತದಲ್ಲಿ ಧರ್ಮಸಭೆಯ ಗತಿ ಏನು ಎಂಬುದರ ಮೇಲೆಯೇ ಸಂಶೋಧನೆ ಮಾಡಿದವರು. ಅವರ ಅಣ್ಣ ಸೈಮನ್ ಲೂರ್ದುಸ್ವಾಮಿ 1968ರಿಂದ 1971ರವರೆಗೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿದ್ದು, ಮುಂದೆ ಕಾರ್ಡಿನಲ್ ಆದರು. ಹನ್ನೆರಡು ಅಂಶಗಳ ಪತ್ರ ರೋಮಿಗೆ ಹೋದದ್ದೂ ಅಣ್ಣನ ಮೂಲಕವೇ.

ಅಮಲೋರ್ ಅವರ ದೊಡ್ಡತನ ಕೇಂದ್ರದ ಉದ್ದನೆಯ ಹೆಸರಿನಲ್ಲೇ ಇದೆ. ಬೈಬಲ್ ಅಧ್ಯಯನ ಒಬ್ಬರ ಇಲಾಖೆ, ಮಕ್ಕಳಿಗೆ ಧರ್ಮೋಪದೇಶ ಇನ್ನೊಬ್ಬರದು, ಪೂಜಾವಿಧಿ ಮತ್ತೊಬ್ಬರದು ಎಂದು ಹಂಚಿಹೋಗಿದ್ದುದನ್ನು ಅವರು ಒಂದೇ ಸೂರಿನಡಿ ತಂದರು. ಶಾಸ್ತ್ರದ ತಿಳಿವಳಿಕೆ ಇಲ್ಲದೆ ವಿಧಿ ಬದಲಿಸಿದರೆ ಅದು ಬರೀ ಅಲಂಕಾರವಾಗುತ್ತದೆ ಎಂಬುದು ಅವರ ಖಚಿತ ನಿಲುವು. ಆದ್ದರಿಂದ ಇಲ್ಲಿಗೆ ಬಂದ ಗುರುವೊಬ್ಬ ಆರತಿ ಎತ್ತುವುದನ್ನಷ್ಟೇ ಕಲಿತು ಹೋಗುವಂತಿರಲಿಲ್ಲ. ಅದನ್ನು ಏಕೆ ಎತ್ತಬೇಕು, ಊರಿನ ಜನಕ್ಕೆ ಹೇಗೆ ಹೇಳಬೇಕು, ಅವರು ಬೇಡವೆಂದರೆ ಏನು ಮಾಡಬೇಕು ಎಂಬುದನ್ನೂ ಕಲಿಯಬೇಕಿತ್ತು. ಕೇಂದ್ರ ತನ್ನನ್ನು ಬೆಂಗಳೂರಿಗೆ ಕಟ್ಟಿಹಾಕಿಕೊಳ್ಳಲಿಲ್ಲ. ರಾಜ್ಯ ರಾಜ್ಯಗಳಲ್ಲಿ, ಧರ್ಮಪ್ರಾಂತ್ಯಗಳಲ್ಲಿ ಇಂಥವೇ ಸಣ್ಣ ಕೇಂದ್ರಗಳು ಏಳಲು ನೆರವಾಯಿತು. 'ವರ್ಡ್ ಅಂಡ್ ವರ್ಶಿಪ್' ಎಂಬ ಪತ್ರಿಕೆ ಹೊರಡಿಸಿ, ದೂರದ ಚರ್ಚುಗಳಲ್ಲಿ ಒಂಟಿಯಾಗಿ ಕೆಲಸ ಮಾಡುವವರನ್ನು ತಲುಪಿತು.

ಇನ್ನು ಆ ಹನ್ನೆರಡು ಅಂಶಗಳು. ಕೆಲವನ್ನು ಮೊದಲೇ ಹೇಳಿದೆ. ಉಳಿದವುಗಳಲ್ಲಿ ಪಶ್ಚಾತ್ತಾಪದ ವಿಧಿಯ ಹೊತ್ತಿಗೆ ಪಂಚಾಂಗ ಪ್ರಣಾಮ ಮಾಡಬಹುದು ಎಂಬುದಿತ್ತು. ಪವಿತ್ರ ವಸ್ತುಗಳಿಗೆ ಮುತ್ತಿಡುವ ಬದಲು ಅವನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳಬಹುದು. ಶಾಂತಿಯ ವಿನಿಮಯವನ್ನು ಅಂಜಲಿ ಮುದ್ರೆಯಿಂದ, ಇಲ್ಲವೇ ಒಬ್ಬರ ಕೈಗಳನ್ನು ಇನ್ನೊಬ್ಬರ ಅಂಗೈಗಳ ನಡುವೆ ಇಟ್ಟು ಮಾಡಬಹುದು. ಗುರುವಿನ ಭಾರದ ಉಡುಪುಗಳ ಬದಲು ಒಂದೇ ನಿಲುವಂಗಿ, ಮೇಲೊಂದು ಅಂಗವಸ್ತ್ರ ಸಾಕು. ಪೀಠದ ಮೇಲೆ ಹಾಸುವ ಚೌಕ ಬಟ್ಟೆಯ ಜಾಗದಲ್ಲಿ ತಟ್ಟೆ, ಸರಪಳಿಯ ಧೂಪದಾನಿಯ ಬದಲು ಹಿಡಿಕೆಯಿರುವ ಧೂಪದ ಬಟ್ಟಲು. ಅರ್ಪಣೆಯ ವೇಳೆ ಹೂವು, ಧೂಪ, ದೀಪಗಳ ಆರತಿ. ಜನರ ಬಿನ್ನಹಗಳು ಪುಸ್ತಕದಿಂದಷ್ಟೇ ಬರಬೇಕಿಲ್ಲ, ಮನಸ್ಸಿನಿಂದ ಸಹಜವಾಗಿ ಬರಲಿ. ಈ ಕೊನೆಯದನ್ನು ಓದುಗರು ಹೆಚ್ಚು ಗಮನಿಸುವುದಿಲ್ಲ. ನನಗೆ ಮಾತ್ರ ಹನ್ನೆರಡರಲ್ಲಿ ಅದೇ ಎಲ್ಲಕ್ಕಿಂತ ಧೈರ್ಯದ್ದಾಗಿ ಕಾಣುತ್ತದೆ. ದೀಪ, ತಟ್ಟೆಗಳನ್ನು ಗುರುವೇ ಬದಲಿಸಬಹುದು. ಪೂಜೆಯ ನಡುವೆ ಕೂಲಿಯ ಹೆಂಗಸೊಬ್ಬಳು ಎದ್ದು ತನ್ನ ಮಾತಿನಲ್ಲಿ ಪ್ರಾರ್ಥಿಸುವಂತಾಗಲು ಇಡೀ ಸಭೆ ಬದಲಾಗಬೇಕು.

ಕೇಂದ್ರದ ಪ್ರಾರ್ಥನಾ ಮಂದಿರವೇ ಒಂದು ಪಾಠದಂತಿದೆ. ಯುರೋಪಿನ ಗೋಪುರ, ಉದ್ದ ಬೆಂಚುಗಳ ಸಾಲು ಇಲ್ಲಿಲ್ಲ. ಭಾರತೀಯ ದೇವಾಲಯದ ವಿನ್ಯಾಸದಿಂದ ಪ್ರೇರಣೆ ಪಡೆದ ಈ ಮಂದಿರದಲ್ಲಿ ನೆಲದ ಮೇಲೆ ಕುಳಿತು ಪ್ರಾರ್ಥಿಸುತ್ತಾರೆ. ಕಿಟಕಿಗಳ ಜಾಲಂಧ್ರಗಳ ವಿನ್ಯಾಸದಲ್ಲಿ ಕಲಾವಿದ ಜ್ಯೋತಿ ಸಾಹಿ ಅವರ ಕೈಯಿದೆ. ಪುಣೆಯಲ್ಲಿ 1944ರಲ್ಲಿ ಹುಟ್ಟಿ, ಬೆಂಗಳೂರಿನ ಹೊರವಲಯದ ಸಿಲ್ವೆಪುರದಲ್ಲಿ ನೆಲೆಸಿದ ಸಾಹಿ, ಕ್ರೈಸ್ತ ಕಲೆ ಈ ನೆಲದ ರೇಖೆಗಳಲ್ಲಿ ಮೂಡಬೇಕೆಂದು ಇಡೀ ಬದುಕು ದುಡಿದವರು.

ವಿರೋಧ ಬಾರದೆ ಇರಲಿಲ್ಲ. ಮದ್ರಾಸಿನ ವಿಕ್ಟರ್ ಕುಲಂದೈ 1985ರಲ್ಲಿ ಒಂದು ಪುಸ್ತಕವನ್ನೇ ಬರೆದು, ಧರ್ಮಸಭೆಯನ್ನು ಅನ್ಯಧರ್ಮೀಯಗೊಳಿಸಲಾಗುತ್ತಿದೆ ಎಂದು ಆರೋಪಿಸಿದರು. ರೋಮ್ ಕೂಡ ಒಂದು ಹಂತದಲ್ಲಿ ತಡೆ ಹಾಕಿತು. 1974ರ ಡಿಸೆಂಬರಿನಲ್ಲಿ ಕೇಂದ್ರ, ಬೈಬಲ್ ಅಲ್ಲದ ಧರ್ಮಗ್ರಂಥಗಳಿಗೆ ಕ್ರೈಸ್ತರ ಬದುಕಿನಲ್ಲಿ ಯಾವ ಸ್ಥಾನ ಎಂಬ ಬಗ್ಗೆ ದೊಡ್ಡ ವಿಚಾರ ಸಂಕಿರಣ ನಡೆಸಿತ್ತು. ಮರುವರ್ಷವೇ ವ್ಯಾಟಿಕನ್‌ನಿಂದ ಬಂದ ಸೂಚನೆ, ಪೂಜೆಯಲ್ಲಿ ಅಂಥ ಗ್ರಂಥಗಳ ವಾಚನವನ್ನೂ ಹೊಸದಾಗಿ ರೂಪಿಸಿದ್ದ ಭಾರತೀಯ ಮಹಾಪ್ರಾರ್ಥನೆಯ ಬಳಕೆಯನ್ನೂ ನಿಲ್ಲಿಸಲು ಹೇಳಿತು.

ಆದರೆ ನನ್ನನ್ನು ಹೆಚ್ಚು ಕಾಡುವುದು ಈ ಎರಡೂ ಅಲ್ಲ, ಒಳಗಿನಿಂದಲೇ ಎದ್ದ ಮೂರನೆಯ ಪ್ರಶ್ನೆ. ಆರತಿ, ಅಂಗವಸ್ತ್ರ, ಸಂಸ್ಕೃತದ ಶ್ಲೋಕ, ಇದು ಯಾರ ಭಾರತ? ಭಾರತದ ಕ್ರೈಸ್ತರಲ್ಲಿ ಬಹುದೊಡ್ಡ ಪಾಲು ದಲಿತರು. ಯಾವ ಗುಡಿಯ ಹೊಸ್ತಿಲು ದಾಟಲು ಅವರ ಪೂರ್ವಿಕರಿಗೆ ಬಿಡಲಿಲ್ಲವೋ ಅದೇ ಗುಡಿಯ ಚಿಹ್ನೆಗಳನ್ನು ಚರ್ಚಿನೊಳಗೆ ತಂದು ಇದು ನಿಮ್ಮ ಸಂಸ್ಕೃತಿ ಎಂದರೆ ಅವರಿಗೆ ಹೇಗಾಗಬೇಡ? ಬೆಂಗಳೂರಿನದೇ ಇನ್ನೊಂದು ಸಂಸ್ಥೆ, ಪ್ರಾಟೆಸ್ಟೆಂಟರ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣ ದಲಿತ ದೈವಶಾಸ್ತ್ರಕ್ಕೆ ನಾಂದಿಯಾಯಿತು. ಮಧುರೆಯ ಥಿಯಲಾಜಿಕಲ್ ಸೆಮಿನರಿಯಲ್ಲಿ ಥಿಯೋಫಿಲಸ್ ಅಪ್ಪಾವು ಪರೆ ಎಂಬ ದಲಿತರ ವಾದ್ಯದ ಬಡಿತಕ್ಕೆ, ಜನಪದ ಮಟ್ಟುಗಳಿಗೆ ಆರಾಧನೆಯನ್ನು ಹೊಂದಿಸಿದರು. ಬಾಗಿಲಾಚೆ ನಿಲ್ಲಿಸಲ್ಪಟ್ಟ ವಾದ್ಯವೇ ಬಲಿಪೀಠದ ಮುಂದೆ ಬಂದು ನಿಂತಿತು. ಹನ್ನೆರಡು ಅಂಶಗಳನ್ನು ಬರೆದವರು ಪ್ರಾಮಾಣಿಕರು, ಆದರೆ ಅವರ ಕಣ್ಣಿಗೆ ಬಿದ್ದ ಭಾರತ ಪೂರ್ತಿಯಾದದ್ದಲ್ಲ. ಇದನ್ನು ಹೇಳದೆ ಈ ಕೇಂದ್ರದ ಪರಿಚಯ ಮುಗಿಸುವುದು ತಪ್ಪಾಗುತ್ತದೆ.

ಯಾರ ಅನುಮತಿಯನ್ನೂ ಕೇಳದೆ ಬೇರೂರಿದ ಬದಲಾವಣೆಗಳು ನಮ್ಮಲ್ಲೇ ಇವೆ. ಕರಾವಳಿಯ ಕೊಂಕಣಿ ಕಥೋಲಿಕರು ಸೆಪ್ಟೆಂಬರ್ 8ರಂದು ಆಚರಿಸುವ ಮೊಂತಿ ಹಬ್ಬವನ್ನು ನೋಡಿ. ಒಂಬತ್ತು ದಿನ ಮಕ್ಕಳು ಕನ್ಯಾಮರಿಯಮ್ಮನಿಗೆ ಹೂ ತಂದು ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಗೆ ಒಯ್ಯುತ್ತಾರೆ. ಹೊಸ ಭತ್ತದ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಸವಿದು, ಸಸ್ಯಾಹಾರದ ಊಟ ಮಾಡುತ್ತಾರೆ. ಮದುವೆಯ ಮುಂಚಿನ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲು ಹಚ್ಚಿ ಮೀಯಿಸುತ್ತಾರೆ. ಈ ಯಾವುದನ್ನೂ ಯಾವ ಸಮಿತಿಯೂ ರೂಪಿಸಲಿಲ್ಲ. ಜನ ತಮ್ಮ ಹೊಲ, ಅಡುಗೆಮನೆ, ನಂಬಿಕೆಗಳನ್ನು ತಾವೇ ಹೊಂದಿಸಿಕೊಂಡರು. ಹಾಗೆಂದು ತರಬೇತಿ ಕೇಂದ್ರಗಳು ಬೇಡವೆಂದಲ್ಲ. ಅವು ಹೊರಗಿನಿಂದ ರೂಪ ತಂದು ಕೊಡುವುದಕ್ಕಿಂತ ಜನರಲ್ಲಿ ಆ ಶಕ್ತಿ ಎಚ್ಚರವಾಗಿರುವಂತೆ ನೋಡಿಕೊಂಡಾಗಲೇ ಹೆಚ್ಚು ಸಾಧಿಸಿವೆ ಎಂದಷ್ಟೇ ನನ್ನ ಮಾತು.

ಆ ದಾರಿಯ ಒಳ್ಳೆಯ ಉದಾಹರಣೆ ಕಿರು ಕ್ರೈಸ್ತ ಸಮುದಾಯಗಳು. 1990ರಲ್ಲಿ ಇಂಡೊನೇಷ್ಯಾದ ಬಾಂಡುಂಗ್‌ನಲ್ಲಿ ಸೇರಿದ ಏಷ್ಯಾದ ಧರ್ಮಾಧ್ಯಕ್ಷರು, ಧರ್ಮಸಭೆ ಬದುಕುವ ಹೊಸ ರೀತಿಯೆಂದು ಇವನ್ನು ಎತ್ತಿಹಿಡಿದರು. ಬೆಂಗಳೂರಿನ ಕೇಂದ್ರದ ತರಬೇತಿಗಳಲ್ಲೂ ಅವಕ್ಕೆ ಜಾಗ ಸಿಕ್ಕಿತು. ಒಂದು ಧರ್ಮಕೇಂದ್ರದ ನೂರಾರು ಕುಟುಂಬಗಳನ್ನು ಬೀದಿಯ ಲೆಕ್ಕದಲ್ಲಿ ಚಿಕ್ಕ ಗುಂಪುಗಳಾಗಿ ಮಾಡಿ, ಅವರು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರುವುದು ಇದರ ಕ್ರಮ. ಸೇರಿದಾಗ ಅನುಸರಿಸುವ ಏಳು ಮೆಟ್ಟಿಲ ವಾಚನ ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆಯಲ್ಲಿ ರೂಪುಗೊಂಡದ್ದು. ಪ್ರಭುವನ್ನು ಸ್ವಾಗತಿಸಿ ಶುಭಸಂದೇಶದ ಒಂದು ಭಾಗ ಓದುತ್ತಾರೆ. ಮನಸ್ಸಿಗೆ ತಾಗಿದ ಪದವನ್ನೋ ನುಡಿಯನ್ನೋ ಒಬ್ಬೊಬ್ಬರು ಗಟ್ಟಿಯಾಗಿ ಹೇಳುತ್ತಾರೆ. ಆಮೇಲೆ ಮೌನ. ತಮಗೆ ಏನು ತಟ್ಟಿತೆಂದು ಹಂಚಿಕೊಳ್ಳುತ್ತಾರೆ, ಉಪದೇಶ ಮಾಡುವಂತಿಲ್ಲ, ವಾದ ಹೂಡುವಂತಿಲ್ಲ. ಆರನೆಯ ಮೆಟ್ಟಿಲಿನಲ್ಲಿ ಮಾಡಬೇಕಾದ ಕೆಲಸದ ಮಾತು ಬರುತ್ತದೆ: ಬೀದಿಯಲ್ಲಿ ಯಾರು ಕಾಯಿಲೆ ಬಿದ್ದಿದ್ದಾರೆ, ಯಾವ ಮಗು ಶಾಲೆ ಬಿಟ್ಟಿದೆ, ಈ ವಾರ ಯಾರು ಹೋಗಿ ನೋಡುತ್ತೀರಿ. ಕೊನೆಗೆ ಪ್ರಾರ್ಥನೆ. ಇದನ್ನು ನಡೆಸುವವರು ಗುರುಗಳಲ್ಲ, ಆ ಬೀದಿಯವರೇ, ಹಲವು ಕಡೆ ಹೆಂಗಸರು. ಗುರುವಿಗೆ ಇಲ್ಲಿ ಕೊಡುವ ತರಬೇತಿಯ ಬಹುಭಾಗ ಕೇಳಿಸಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ. ಪ್ರವಚನ ಪೀಠಕ್ಕೆ ಒಗ್ಗಿಹೋದವರಿಗೆ ಅದು ಆರತಿ ಎತ್ತುವುದಕ್ಕಿಂತ ಕಷ್ಟ.

ಅಮಲೋರ್ ಸುಮಾರು ಹದಿನೈದು ವರ್ಷ ಕೇಂದ್ರವನ್ನು ಮುನ್ನಡೆಸಿ ಮೈಸೂರಿಗೆ ನಡೆದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನ ವಿಭಾಗ ಕಟ್ಟಿದರು, ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಅಂಜಲಿ ಆಶ್ರಮ ಸ್ಥಾಪಿಸಿ ಸರಳವಾಗಿ ಬದುಕಿದರು. ಕ್ರೈಸ್ತ ಗುರುವೊಬ್ಬ ಹೀಗೆ ಈ ನೆಲದ ರೀತಿಯಲ್ಲಿ ಬದುಕುವುದು ಮೈಸೂರು ಸೀಮೆಗೆ ಪೂರ್ತಿ ಹೊಸತೂ ಅಲ್ಲ. ಹದಿನೇಳನೆಯ ಶತಮಾನದ ನಡುವಿನಲ್ಲೇ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಸನ್ಯಾಸಿಯ ಉಡುಪಿನಲ್ಲಿ ಓಡಾಡಿ ಕನ್ನಡ ಕಲಿತು ಬರೆದಿದ್ದರು. 1990ರಲ್ಲಿ ರಸ್ತೆ ಅಪಘಾತ ಅಮಲೋರ್ ಅವರನ್ನು ಬಲಿ ತೆಗೆದುಕೊಂಡಿತು. ಐವತ್ತೇಳು ಸಾಯುವ ವಯಸ್ಸಲ್ಲ. ದಲಿತ ಕ್ರೈಸ್ತರು ಎತ್ತಿದ ಪ್ರಶ್ನೆ ಇನ್ನೂ ಗಟ್ಟಿಯಾದ ಮುಂದಿನ ವರ್ಷಗಳಲ್ಲಿ ಅವರು ಇದ್ದಿದ್ದರೆ ಅದಕ್ಕೆ ತಲೆಕೊಡುತ್ತಿದ್ದರು ಎಂದೇ ನನ್ನ ನಂಬಿಕೆ.

ಕೇಂದ್ರದ ಮುಂದೆ ಈಗ ಇನ್ನೊಂದು ಸುತ್ತಿನ ಬದಲಾವಣೆ ಬಂದು ನಿಂತಿದೆ. ಪೋಪ್ ಫ್ರಾನ್ಸಿಸ್ 2021ರ ಜನವರಿಯಲ್ಲಿ ಪೂಜೆಯಲ್ಲಿ ವಾಚನ ಮಾಡುವ ಅಧಿಕೃತ ಸೇವೆಯನ್ನು ಮಹಿಳೆಯರಿಗೂ ತೆರೆದರು. ಅದೇ ವರ್ಷದ ಮೇ ತಿಂಗಳಲ್ಲಿ ಉಪದೇಶಿಯ ಕೆಲಸವನ್ನು ಗೃಹಸ್ಥರಿಗೆ ಸಲ್ಲುವ ವಿಧಿಬದ್ಧ ಸೇವೆಯೆಂದು ಸಾರಿದರು. ಅಕ್ಟೋಬರಿನಲ್ಲಿ ಅವರು ಆರಂಭಿಸಿ 2024ರಲ್ಲಿ ಮುಗಿದ ಸಿನಡ್ ಎಂಬ ಧರ್ಮಾಧ್ಯಕ್ಷರ ಸಮಾಲೋಚನಾ ಸಭೆ, ಧರ್ಮಕೇಂದ್ರಗಳ ಜನರ ಅಭಿಪ್ರಾಯ ಕೇಳುವುದರಿಂದಲೇ ಶುರುವಾಗಿತ್ತು. 2023ರ ಅಧಿವೇಶನದಲ್ಲಿ ಮೊದಲ ಬಾರಿಗೆ ಮಹಿಳೆಯರು ಮತ ಹಾಕಿದರು. ನಮ್ಮ ಹಳ್ಳಿಗಳ ಚರ್ಚುಗಳಲ್ಲಿ ಉಪದೇಶಿಯರೂ ಕನ್ಯಾಸ್ತ್ರೀಯರೂ ತಲೆಮಾರುಗಳಿಂದ ಮಕ್ಕಳಿಗೆ ಜಪ ಕಲಿಸಿದ್ದಾರೆ, ಸಾಯುವವರ ಹಾಸಿಗೆಯ ಬಳಿ ಕುಳಿತಿದ್ದಾರೆ, ಗುರು ಬಾರದ ಭಾನುವಾರ ಪ್ರಾರ್ಥನೆ ನಡೆಸಿದ್ದಾರೆ. ಈಗ ಅವರ ಹೆಸರು ಕರೆದು, ಬಲಿಪೀಠದ ಮುಂದೆ ನಿಲ್ಲಿಸಿ, ಆ ಸೇವೆಯನ್ನು ವಿಧಿಪೂರ್ವಕವಾಗಿ ಒಪ್ಪಿಸಲು ದಾರಿ ತೆರೆದಿದೆ. ರೋಮಿನ ಅನುಮತಿ ಈ ಸಲವೂ ಮೊದಲೇ ಬಂದಿದೆ. ಅವರನ್ನು ಅದಕ್ಕೆ ಸಿದ್ಧಗೊಳಿಸುವ ಪಾಠಗಳು ಕನ್ನಡದಲ್ಲಿ, ತುಳು-ಕೊಂಕಣಿಗಳಲ್ಲಿ, ಊರಿನ ಮಾತಿನಲ್ಲಿ ಸಿದ್ಧವಾಗಬೇಕು.