ಕೋಟು ಇಲ್ಲದಿದ್ದರೆ ಕೆಲಸ ಸಿಗುವುದಿಲ್ಲವೇ? ‘ಶೇ 93’ರ ಫಾರ್ವರ್ಡ್ ಹಿಂದಿನ ನಿಜ

ಶಿರಾದಲ್ಲಿರುವ ನನ್ನ ಚಿಕ್ಕಮ್ಮನ ಮಗ ಐಟಿಐ ಫಿಟ್ಟರ್ ಕೋರ್ಸ್ ಮುಗಿಸಿದ್ದಾನೆ. ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಿಂದ ಅವನಿಗೆ ಸಂದರ್ಶನದ ಕರೆ ಬಂತು. ಅದೇ ಸಂಜೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬಂದ ಒಂದು ಸಂದೇಶವನ್ನು ನನಗೆ ಕಳಿಸಿ ಕೇಳಿದ: “ಅಕ್ಕಾ, ಕೋಟು, ಟೈ ಇಲ್ಲಾಂದ್ರೆ ಮುಖಾನೂ ನೋಡಲ್ವಂತೆ. ನಾಲ್ಕು ಸಾವಿರ ಸಾಲ ತಗೊಂಡು ಹೊಲಿಸ್ಲಾ?”

ಇಂಥ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಸಂದರ್ಶನದಲ್ಲಿ ಶೇ 93ರಷ್ಟು ತೀರ್ಮಾನ ಆಗುವುದು ಉಡುಪು ಮತ್ತು ಹಾವಭಾವದಿಂದ, ಆಡುವ ಮಾತಿನ ಪಾಲು ಬರೀ ಶೇ 7, ಇದನ್ನು ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ ಎಂಬುದು ಅದರ ಸಾರಾಂಶ. ಇದು ನಿಜವೇ?

ಶೇ 93 ಎಲ್ಲಿಂದ ಬಂತು?

ಈ ಸಂಖ್ಯೆ ಹುಟ್ಟಿದ್ದು 1967ರಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಮತ್ತು ಅವರ ಸಹೋದ್ಯೋಗಿಗಳು ಆ ವರ್ಷ ಎರಡು ಪ್ರಯೋಗಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಬಿಡಿ ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿದರು. ಒಂದರಲ್ಲಿ ಮುಖದ ಫೋಟೊಗಳನ್ನೂ ತೋರಿಸಿದರು. ಪದ ಒಂದು ಹೇಳಿ, ದನಿ ಮತ್ತು ಮುಖ ಇನ್ನೊಂದು ಹೇಳಿದರೆ ಕೇಳುವವರು ಯಾವುದನ್ನು ನಂಬುತ್ತಾರೆ ಎಂಬುದು ಅವರ ಪ್ರಶ್ನೆಯಾಗಿತ್ತು.

ಈ ಎರಡರ ಫಲಿತಾಂಶ ಕೂಡಿಸಿ ಬಂದ ಲೆಕ್ಕ ಹೀಗಿದೆ: ಪದಕ್ಕೆ ಶೇ 7, ದನಿಗೆ ಶೇ 38, ಮುಖಭಾವಕ್ಕೆ ಶೇ 55. ಕೊನೆಯ ಎರಡನ್ನು ಕೂಡಿದರೆ 93.

ಗಮನಿಸಿ, ಈ ಲೆಕ್ಕದಲ್ಲಿ ಉಡುಪು ಎಂಬುದೇ ಇಲ್ಲ. ಸಂದರ್ಶನವೂ ಇಲ್ಲ. ಮನೆಯವರು “ಏನೂ ಇಲ್ಲ ಬಿಡು” ಎಂದು ಮುಖ ಊದಿಸಿಕೊಂಡು ಹೇಳಿದಾಗ ನಾವು ಮಾತಿಗಿಂತ ಮುಖವನ್ನು ನಂಬುತ್ತೇವಲ್ಲ, ಆ ಬಗೆಯ ಸಂದರ್ಭಕ್ಕೆ ಸೇರಿದ ಲೆಕ್ಕ ಇದು. ಭಾವನೆ, ಇಷ್ಟಾನಿಷ್ಟಗಳ ಮಾತಿಗೆ ಬಿಟ್ಟು ಬೇರೆ ಕಡೆ ಈ ಸೂತ್ರ ಅನ್ವಯಿಸುವುದಿಲ್ಲ ಎಂದು ಮೆಹ್ರಾಬಿಯನ್ ಅವರೇ ಹೇಳಿದ್ದಾರೆ.

ಹಾಗಾದರೆ ಬಟ್ಟೆ ಲೆಕ್ಕಕ್ಕೇ ಇಲ್ಲವೇ?

ಹಾಗೂ ಹೇಳುವಂತಿಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಒಂಬತ್ತು ಪ್ರಯೋಗಗಳು ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯ 2020ರ ಸಂಪುಟದಲ್ಲಿ ಪ್ರಕಟವಾಗಿವೆ. ಒಂದೇ ಮುಖವನ್ನು ಸ್ವಲ್ಪ ಸಿರಿವಂತಿಕೆ ಕಾಣುವ ಬಟ್ಟೆಯ ಜೊತೆ ಒಮ್ಮೆ, ಸ್ವಲ್ಪ ಬಡತನ ಕಾಣುವ ಬಟ್ಟೆಯ ಜೊತೆ ಒಮ್ಮೆ ತೋರಿಸಿದಾಗ, ಮೊದಲನೆಯದಕ್ಕೇ ‘ಹೆಚ್ಚು ಸಮರ್ಥರು’ ಎಂಬ ಅಂಕ ಸಿಕ್ಕಿತು. ಕ್ಷಣಮಾತ್ರ ತೋರಿಸಿದರೂ ಹಾಗೆಯೇ. “ಬಟ್ಟೆ ನೋಡಬೇಡಿ” ಎಂದು ಮೊದಲೇ ಎಚ್ಚರಿಸಿದರೂ ಹಾಗೆಯೇ.

ಅಂದರೆ ಬಟ್ಟೆಯ ಪರಿಣಾಮ ಇದೆ. ಆದರೆ ಅದು ನೋಡುವವರ ಕಣ್ಣಿನ ದೋಷ. ದುಬಾರಿ ಬಟ್ಟೆ ಯಾರನ್ನೂ ಸಮರ್ಥರನ್ನಾಗಿ ಮಾಡುವುದಿಲ್ಲ. ಜೊತೆಗೆ, ಅಲ್ಲಿ ಅಂಕ ಕೊಟ್ಟವರು ಆ ಜನರನ್ನು ಫೋಟೊದಲ್ಲಷ್ಟೇ ನೋಡಿದ್ದರು. ನಿಜವಾದ ಸಂದರ್ಶನದಲ್ಲಿ ನಿಮ್ಮ ಉತ್ತರ, ಅಂಕಪಟ್ಟಿ, ಕೈಕೆಲಸ ಎಲ್ಲವೂ ಅವರ ಮುಂದಿರುತ್ತವೆ.

ಎಲ್ಲ ಕೆಲಸಕ್ಕೂ ಸಂದರ್ಶನವೇ ಇಲ್ಲ

ಇಂಥ ಫಾರ್ವರ್ಡ್‌ಗಳು ಹೇಳದ ಇನ್ನೊಂದು ವಿಷಯವಿದೆ. ಕೇಂದ್ರ ಸರ್ಕಾರದ ‘ಸಿ’ ಗುಂಪಿನ ಹುದ್ದೆಗಳಿಗೆ ಮತ್ತು ‘ಬಿ’ ಗುಂಪಿನ ಗೆಜೆಟೆಡ್ ಅಲ್ಲದ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನೇ ಕೈಬಿಡಲಾಗಿದೆ.

ಲಿಖಿತ ಪರೀಕ್ಷೆಯ ನಿಯಮವಂತೂ ಉಲ್ಟಾ ಇರಬಹುದು. 2023ರ ಅಕ್ಟೋಬರ್‌ನಲ್ಲಿ ಬ್ಲೂಟೂತ್ ಬಳಸಿದ ಅಕ್ರಮ ಬಯಲಾದ ಮೇಲೆ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನವೆಂಬರ್‌ನ ನೇಮಕಾತಿ ಪರೀಕ್ಷೆಗೆ ವಸ್ತ್ರಸಂಹಿತೆ ಹೊರಡಿಸಿತು. ತುಂಬುತೋಳಿನ ಬಟ್ಟೆ ಬೇಡ, ಗಂಡಸರಿಗೆ ಶೂ ಬೇಡ, ಹೆಂಗಸರಿಗೆ ಮಾಂಗಲ್ಯ ಮತ್ತು ಕಾಲುಂಗುರ ಬಿಟ್ಟು ಬೇರೆ ಲೋಹದ ಒಡವೆ ಬೇಡ ಎಂದಿತು. ಫಾರ್ವರ್ಡ್ ನಂಬಿ ತುಂಬುತೋಳಿನ ಶರ್ಟು, ಶೂ ಹಾಕಿಕೊಂಡು ಹೋದವರು ಗೇಟಿನಲ್ಲೇ ಪರದಾಡಬೇಕು. ಆದ್ದರಿಂದ ಹಾಲ್ ಟಿಕೆಟ್ ಅಥವಾ ಕರೆಪತ್ರದಲ್ಲಿ ಏನಿದೆ ಎಂದು ಮೊದಲು ಓದಿ.

ಮತ್ತೆ ಏನು ಹಾಕಿಕೊಂಡು ಹೋಗಬೇಕು?

• ಒಗೆದು ಇಸ್ತ್ರಿ ಮಾಡಿದ, ಮೈಗೆ ಸರಿಯಾಗಿ ಕೂರುವ ಬಟ್ಟೆ ಸಾಕು. ಶರ್ಟು-ಪ್ಯಾಂಟು, ಚೂಡಿದಾರ್, ಸೀರೆ ಯಾವುದಾದರೂ ಸರಿ. ಹೊಸದೇ ಆಗಬೇಕಿಲ್ಲ.

• ಕೆಲಸಕ್ಕೆ ತಕ್ಕಂತೆ ಯೋಚಿಸಿ. ಕಾರ್ಖಾನೆಯಲ್ಲಿ ಯಂತ್ರದ ಹತ್ತಿರ ಕರೆದೊಯ್ಯಬಹುದು. ಅಲ್ಲಿ ಟೈ, ಜೋತಾಡುವ ದುಪಟ್ಟಾ, ಸರ, ಉಂಗುರ ಎಲ್ಲವೂ ಅಪಾಯ. ಕೂದಲು ಕಟ್ಟಿಕೊಳ್ಳಿ, ಕಾಲು ಮುಚ್ಚುವ ಶೂ ಹಾಕಿ.

• ಹೊಸ ಶೂ ಅಂದೇ ಮೊದಲ ಸಲ ಹಾಕಬೇಡಿ. ಕಾಲು ಕಚ್ಚಿದರೆ ಗಮನವೆಲ್ಲ ಅಲ್ಲೇ ಇರುತ್ತದೆ.

• ಬಸ್ಸಿನಲ್ಲಿ ನಿಂತು, ಬೆವರಿ ಹೋಗುವವರು ಅರ್ಧ ಗಂಟೆ ಮುಂಚೆ ತಲುಪಿ. ಮುಖ ತೊಳೆದು ತಲೆ ಬಾಚಿಕೊಳ್ಳಲು ಸಮಯ ಸಿಗುತ್ತದೆ.

• ಕೋಟು ಬೇಕೇ ಎಂಬ ಅನುಮಾನ ಇದ್ದರೆ ಕರೆಪತ್ರದಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿ. ಕೇಳುವುದರಲ್ಲಿ ಅವಮಾನ ಏನಿಲ್ಲ.

ಸಂದರ್ಶನ ಮಾಡುವವರಿಗೂ ಒಂದು ಮಾತು. ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಒಂದೇ ಕ್ರಮದಲ್ಲಿ ಕೇಳಿ, ಪ್ರತಿ ಉತ್ತರಕ್ಕೂ ಆಗಲೇ ಅಂಕ ಬರೆಯಿರಿ. ಸುಮ್ಮನೆ ಹರಟಿ ಆರಿಸುವುದಕ್ಕಿಂತ ಹೀಗೆ ಆರಿಸಿದರೆ ಕೆಲಸ ಬಲ್ಲವರು ಸಿಗುವ ಸಾಧ್ಯತೆ ಹೆಚ್ಚು ಎಂದು ದಶಕಗಳ ಸಂಶೋಧನೆ ಹೇಳುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ

ಉಡುಪು ಮೊದಲ ಅಭಿಪ್ರಾಯದ ಮೇಲೆ ಪರಿಣಾಮ ಬೀರುತ್ತದೆ ಎಂಬುದು ನಿಜ. ಸಂದರ್ಶನದ ಶೇ 93ರಷ್ಟು ಅದರಿಂದಲೇ ತೀರ್ಮಾನವಾಗುತ್ತದೆ ಎಂಬುದು ಸುಳ್ಳು.

ನನ್ನ ತಮ್ಮ ಸಾಲ ಮಾಡಲಿಲ್ಲ. ಇದ್ದ ತಿಳಿನೀಲಿ ಶರ್ಟಿಗೆ ಇಸ್ತ್ರಿ ಹಾಕಿಕೊಂಡು ಹೋದ. ಅಲ್ಲಿ ಅವನ ಕೈಗೆ ವರ್ನಿಯರ್ ಕ್ಯಾಲಿಪರ್ ಕೊಟ್ಟು ಅಳತೆ ಓದಲು ಹೇಳಿದರಂತೆ. ಫಲಿತಾಂಶ ಇನ್ನೂ ಬಂದಿಲ್ಲ. ಕೆಲಸ ಸಿಕ್ಕರೂ ಸಿಗದಿದ್ದರೂ ಚಿಕ್ಕಮ್ಮನ ತಲೆಯ ಮೇಲೆ ನಾಲ್ಕು ಸಾವಿರದ ಸಾಲವಂತೂ ಇಲ್ಲ. ಆ ಫಾರ್ವರ್ಡ್ ಬಂದ ಗ್ರೂಪಿಗೆ ಇದನ್ನೂ ಕಳಿಸಿ. ಅಲ್ಲಿ ಇನ್ನಾರೋ ಇವತ್ತು ಸಾಲ ಕೇಳಲು ಹೊರಟಿರಬಹುದು.